ಇಪ್ಪತ್ತನೆಯ ದೋಣಿಯ ಒಡತಿಯಿಂದ ಬಂದರು ಅಧಿಕಾರಿಗಳಿಗೆ

ಬಂದರು ಕಚೇರಿಯ ಮೇಲಿನ ಮಹಡಿಯಲ್ಲಿ ಕುಳಿತು ವರ್ಷಕ್ಕೊಮ್ಮೆ ನಮ್ಮನ್ನು ಎಣಿಸುವ ಮಾನ್ಯರೇ,

ದೋಣಿ ಕಟ್ಟುವ ನಿಮ್ಮ ದಕ್ಕೆಯಿಂದ ನನಗೆ ಬಿಡುಗಡೆ ಬೇಕು. ಸುತ್ತಿ ಬಳಸಿ ಹೇಳಲು ನನಗೆ ಬಾರದು. ಹೇಳಿದರೂ ಅರ್ಜಿಯ ಮೊದಲ ಸಾಲಿನಾಚೆ ನಿಮ್ಮ ಕಚೇರಿಯಲ್ಲಿ ಯಾರೂ ಓದುವುದಿಲ್ಲವೆಂಬುದು ನನ್ನ ಅನುಭವ. ನಾನು ಹಾಯಿದೋಣಿ ಮಾಲೀಕರ ಸಂಘದ ಕಾರ್ಯದರ್ಶಿ. ಸಂಬಳವಿಲ್ಲದ ಹುದ್ದೆ. ನನಗೆ ಈಜು ಬಾರದು. ದೋಣಿಯಲ್ಲಿ ಕುಳಿತರೆ ಹೊಟ್ಟೆ ತೊಳಸುತ್ತದೆ. ಪರದೆ ಹೊಲಿಯುವುದು ನನ್ನ ಕಸುಬು; ಗಾಳಿಗೆ ಬಟ್ಟೆ ಉಬ್ಬಿತೆಂದರೆ ನನ್ನ ಮಟ್ಟಿಗೆ ಅದು ಅಂಚಿಗೆ ಭಾರ ಸಾಲದ ಲಕ್ಷಣ. ಇಂಥವಳು ಹಾಯಿಗಳ ನಡುವೆ ಹೇಗೆ ಸಿಕ್ಕಿಬಿದ್ದಳು ಎಂದು ಕೇಳಬೇಕಾಗಿದ್ದವರು ನೀವು. ನೀವು ಕೇಳಲಿಲ್ಲ, ಆದ್ದರಿಂದ ಊರಿಗೇ ಕೇಳುವಂತೆ ಬರೆಯುತ್ತಿದ್ದೇನೆ.

ನನ್ನ ಯಜಮಾನರು ತೀರಿಕೊಂಡಾಗ ಅವರ ದೋಣಿ ನನ್ನ ಪಾಲಿಗೆ ಬಂತು. ಸಮಾಧಾನ ಹೇಳಲು ಬಂದ ಸಂಘದವರು ಚಹಾ ಕುಡಿದರು, ಯಜಮಾನರನ್ನು ಹೊಗಳಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಬಾಯಿ ಬಿಟ್ಟವರು ಸಲೂನಿನ ಅಣ್ಣ. ನಮ್ಮ ಬೀದಿಯಲ್ಲಿ ಎಲ್ಲರ ತಲೆಗೂ ಕತ್ತರಿ ಆಡಿಸುವವರು, ಸಂಘದಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಯಿ ಬಿಡುವವರು. "ಅಕ್ಕಾ, ದೋಣಿ ಮಾತ್ರ ಸದ್ಯಕ್ಕೆ ಮಾರಬೇಡಿ" ಎಂದರು. ದೋಣಿ ಹೋದರೆ ಏನಾಗುತ್ತದೆಂದು ನನಗೆ ಅಂದೇ ತಿಳಿದದ್ದು. ಕನಿಷ್ಠ ಇಪ್ಪತ್ತು ದೋಣಿಗಳಿರಬೇಕು, ಇಪ್ಪತ್ತಕ್ಕೂ ಇದೇ ಊರಿನಲ್ಲಿ ವಾಸವಿರುವ ಮಾಲೀಕರಿರಬೇಕು, ಒಂದು ಕಡಿಮೆಯಾದರೂ ಸಂಘಕ್ಕೆ ಕೊಟ್ಟ ದಕ್ಕೆ ಹರಾಜಿಗೆ, ಎನ್ನುತ್ತದೆ ನಿಮ್ಮ ನಿಯಮ. ಆಗ ಸಂಘದಲ್ಲಿ ಸರಿಯಾಗಿ ಇಪ್ಪತ್ತು ದೋಣಿಗಳಿದ್ದವು. ಈಗಲೂ ಇಪ್ಪತ್ತೇ ಇವೆ. ಆ 'ಸದ್ಯಕ್ಕೆ' ಇನ್ನೂ ಮುಗಿದಿಲ್ಲ.

ಕಾರ್ಯದರ್ಶಿ ಆದ ಕಥೆ ಇನ್ನೂ ಚಿಕ್ಕದು. ಒಂದು ವಾರ್ಷಿಕ ಸಭೆಯಲ್ಲಿ ಚಹಾ ತರಲು ಎದ್ದು ಹೋಗಿದ್ದೆ. ಫ್ಲಾಸ್ಕು ಹಿಡಿದು ಬರುವಷ್ಟರಲ್ಲಿ ಸರ್ವಾನುಮತದಿಂದ ಆಯ್ಕೆಯಾಗಿದ್ದೆ.

ಹಾಗಾದರೆ ಹೊಸ ಸದಸ್ಯರನ್ನು ಸೇರಿಸಿಕೊಳ್ಳಿ ಎನ್ನುತ್ತೀರಿ. ಎಷ್ಟು ಸುಲಭದ ಮಾತು! ಸಂಘ ಸೇರಲು ಸ್ವಂತ ದೋಣಿ ಇರಬೇಕು. ದೋಣಿ ನೋಂದಾಯಿಸಲು ಅದನ್ನು ಕಟ್ಟುವ ಜಾಗ ತೋರಿಸಬೇಕು. ಜಾಗ ಕೊಡುವುದು ಸಂಘದ ಸದಸ್ಯರಿಗೆ ಮಾತ್ರ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಇರುವ ದೋಣಿಯನ್ನೇ ಹೊಸಬರಿಗೆ ಮಾರೋಣವೆಂದರೆ, ಹೊರಗಿನವರಿಗೆ ಮಾರಿದ ದಿನವೇ ಜಾಗ ರದ್ದು; ಸಂಬಂಧಿಕರ ಹೆಸರಿಗೆ ಬರೆದುಕೊಟ್ಟರೆ ಮಾತ್ರ ಉಳಿಯುತ್ತದೆ. ಈ ನಿಯಮ ಯಾರು ಮಾಡಿದ್ದು ಎಂದು ನಿಮ್ಮ ಗುಮಾಸ್ತರನ್ನು ಕೇಳಿದೆ. "ನಾವು ಮಾಡಿದ್ದಲ್ಲ ಮೇಡಂ" ಎಂದರು. ಮತ್ತೆ ಯಾರು ಎಂದೆ. "ಅದು ಮೊದಲಿಂದ್ಲೂ ಇದೆ" ಎಂದರು, ಸಮುದ್ರದ ಬಗ್ಗೆ ಹೇಳಿದ ಹಾಗೆ.

ಹೀಗೆ ಹೊರಗಿನವರು ಒಳಗೆ ಬರುವಂತಿಲ್ಲ, ಒಳಗಿನವರು ಹೊರಗೆ ಹೋಗುವಂತಿಲ್ಲ. ನಮ್ಮಲ್ಲಿ ಯಾರಾದರೂ ಕೆಮ್ಮಿದರೆ ಉಳಿದ ಹತ್ತೊಂಬತ್ತು ಮಂದಿಯೂ ಬಂದು ವಿಚಾರಿಸುತ್ತಾರೆ. ಪ್ರೀತಿಯಿಲ್ಲವೆಂದಲ್ಲ. ಆದರೆ ಹಣೆ ಮುಟ್ಟಿ ನೋಡುವ ಕೈಯಲ್ಲಿ ಒಂದು ಲೆಕ್ಕವೂ ಇರುತ್ತದೆ.

ಇನ್ನು ನಿಮ್ಮ ತಪಾಸಣೆಯ ದಿನ. ಇಪ್ಪತ್ತು ದೋಣಿಗಳೂ ಹಾಯಿ ಎತ್ತಿ ನಿಮ್ಮ ಕಿಟಕಿಯ ಮುಂದೆ ಸಾಗಬೇಕು, ನೀವು ಬಿಸ್ಕತ್ತು ಅದ್ದಿಕೊಂಡು ಎಣಿಸಬೇಕು. ಮಾನ್ಯರೇ, ನಮ್ಮಲ್ಲಿ ಹಾಯಿ ಬಿಡಲು ಮೈಯಲ್ಲಿ ಕಸುವಿರುವವರು ಐದೇ ಜನ. ನೀವು ಪ್ರತಿವರ್ಷ ನೋಡಿದ ಇಪ್ಪತ್ತು ನಾವಿಕರು ಆ ಐವರೇ. ನಿಮ್ಮ ಕಿಟಕಿ ದಾಟಿ ಅಲೆತಡೆ ಗೋಡೆಯ ಮರೆಗೆ ಹೋಗುತ್ತಲೇ ದೋಣಿ ಕಟ್ಟಿ ಗೋಡೆಗೆ ಹಾರುತ್ತಾರೆ. ಹಿಂದಿನ ಗಲ್ಲಿಯಲ್ಲಿ ನಮ್ಮದೇ ಸದಸ್ಯರೊಬ್ಬರ ಶಾಲಾ ವ್ಯಾನು ಕಾಯುತ್ತಿರುತ್ತದೆ. ಅದರಲ್ಲಿ ನಾನು ಬೇರೆ ಬೇರೆ ಟೋಪಿ, ಅಂಗಿ ಹಿಡಿದು ಕೂತಿರುತ್ತೇನೆ. ಬಟ್ಟೆ ಬದಲಿಸಿ ಮುಂದಿನ ದೋಣಿಗೆ ಓಟ. ಒಮ್ಮೆ ಸಲೂನಿನ ಅಣ್ಣ ಗಡಿಬಿಡಿಯಲ್ಲಿ ಗಿರಾಕಿಗೆ ಹೊದಿಸುವ ಬಿಳಿ ಬಟ್ಟೆಯನ್ನೇ ಕೊರಳಿಗೆ ಕಟ್ಟಿಕೊಂಡು ಹೋದರು. ನೀವು ಕಿಟಕಿಯಿಂದ ಕೈ ಬೀಸಿದಿರಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಹಾಗೆ, ಹಲಗೆ ಕೊಳೆತ ದೋಣಿಗಳಿಗೆ ನಾನು ಹೊಸ ಹಾಯಿ ಹೊಲಿದು ಕೊಟ್ಟಿದ್ದೆ. ಸೋರುವ ನನ್ನ ದೋಣಿಯೊಳಗೆ ಸಂಘದ ಇನ್ನೊಬ್ಬ ಸದಸ್ಯರಾದ ಗಡಿಯಾರ ರಿಪೇರಿಯವರು ಮಲಗಿಕೊಂಡು, ನಿಮಗೆ ಕಾಣದಂತೆ ಬಕೀಟಿನಲ್ಲಿ ನೀರು ಎತ್ತಿ ಚೆಲ್ಲುತ್ತಿದ್ದರು.

ಅದರ ಫಲವೇನು? "ಸಂಘವು ಅತ್ಯಂತ ಚಟುವಟಿಕೆಯಿಂದ ಕೂಡಿದ್ದು ಸ್ವಾವಲಂಬಿಯಾಗಿದೆ" ಎಂದು ನೀವು ವರದಿ ಬರೆದಿರಿ. ಸ್ವಾವಲಂಬಿಗಳಿಗೆ ನೆರವೇಕೆಂದು ದಕ್ಕೆ ರಿಪೇರಿಯ ಅನುದಾನವನ್ನು ನಿಲ್ಲಿಸಿದಿರಿ. ಮಾಡಿದ್ದುಣ್ಣೋ ಮಹರಾಯ! ಸೊರಗಿದ್ದೇವೆ ಎಂದರೆ ದಕ್ಕೆ ಕಿತ್ತುಕೊಳ್ಳುತ್ತೀರಿ, ಗಟ್ಟಿಯಾಗಿದ್ದೇವೆ ಎಂದರೆ ಅನುದಾನ ಕಿತ್ತುಕೊಳ್ಳುತ್ತೀರಿ. ಸಂಘವೊಂದು ಎಷ್ಟು ಆರೋಗ್ಯವಾಗಿರಬೇಕು, ಎಷ್ಟು ಕಾಯಿಲೆಯಲ್ಲಿರಬೇಕು ಎಂದು ನೀವೇ ಒಂದು ಚೀಟಿ ಬರೆದುಕೊಟ್ಟರೆ ಹಾಗೇ ಇರುತ್ತೇವೆ.

ಇಷ್ಟೇ ಆಗಿದ್ದರೆ ನಗಾಡಿಕೊಂಡು ಸಾಯುವತನಕ ಟೋಪಿ ಹಂಚುತ್ತಿದ್ದೆನೇನೋ. ಆದರೆ ನನಗೊಬ್ಬಳು ತಂಗಿಯಿದ್ದಾಳೆ. ಸಮುದ್ರದ ಸದ್ದೇ ಕೇಳದ ದೂರದ ಊರಿನಲ್ಲಿ ಒಬ್ಬಳೇ ಇದ್ದಾಳೆ. ಅವಳ ಕಣ್ಣು ದಿನೇ ದಿನೇ ಮಂಜಾಗುತ್ತಿದೆ. ಇನ್ನು ತಿಳಿಯಾಗುವುದಿಲ್ಲ ಎಂದಿದ್ದಾರೆ ಡಾಕ್ಟರು. "ಅಕ್ಕಾ, ಹಾಲು ಉಕ್ಕಿದ್ದು ಸೀದ ವಾಸನೆ ಬಂದ್ಮೇಲೇ ಗೊತ್ತಾಯ್ತು ನೋಡು" ಎಂದು ಫೋನಿನಲ್ಲಿ ನಗುತ್ತಾಳೆ. ನನಗಾಗಿ ಕೋಣೆ ತೆರವು ಮಾಡಿಟ್ಟಿದ್ದಾಳೆ. "ಕಿಟಕಿಗೆ ಪರದೆ ಹಾಕ್ಸಿಲ್ಲ. ನೀನೇ ಬಂದು ಹೊಲೀತೀಯ ಅಂತ ಹಾಗೇ ಬಿಟ್ಟಿದ್ದೀನಿ." ನಾನು ಹೋಗಬೇಕು. ಹೋಗಲೇಬೇಕು. ನಾನು ಈ ಊರು ಬಿಟ್ಟರೆ ನಿಮ್ಮ ಲೆಕ್ಕದಲ್ಲಿ ಹತ್ತೊಂಬತ್ತು.

ಸಭೆಯಲ್ಲಿ ಹೇಳಿದೆ. ಯಾರಾದರೂ ಜಗಳವಾಡಿದ್ದರೆ ಬಾಗಿಲು ದಢಾರನೆ ಹಾಕಿಕೊಂಡು ಹೊರಟುಬಿಡುತ್ತಿದ್ದೆ. ಯಾರೂ ಆಡಲಿಲ್ಲ. "ಹೋಗಿ ಅಕ್ಕಾ, ತಂಗಿಗಿಂತ ದೋಣಿ ಹೆಚ್ಚಾ? ನಮ್ಮದು ಹೇಗೋ ಆಗತ್ತೆ" ಎಂದರು ಸಲೂನಿನ ಅಣ್ಣ. ಆ 'ಹೇಗೋ ಆಗತ್ತೆ'ಗಿಂತ ಗಟ್ಟಿಯಾದ ಬೀಗವನ್ನು ನಾನು ಕಂಡಿಲ್ಲ. ದಿನವಿಡೀ ನಿಂತು ಊದಿದ ಕಾಲನ್ನು ಸಂಜೆ ದೋಣಿಯಲ್ಲಿ ಚಾಚಿಕೊಂಡು ಕೂರುವ ಮನುಷ್ಯ ಅವರು. ಬೇರೆ ಸುಖ ಅಂತ ಒಂದಿಲ್ಲ. ನಾನು ಪೆಟ್ಟಿಗೆ ಕಟ್ಟಿದ ದಿನ ಅವರ ಆ ಸಂಜೆಯೂ ಹರಾಜಾಗುತ್ತದೆ. ಕಟ್ಟುತ್ತೇನೆ, ಬಿಚ್ಚುತ್ತೇನೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡಿದ್ದೇನೆ, ನುಂಗಲಾರೆ, ಉಗುಳಲಾರೆ.

ಕಳೆದ ಭಾನುವಾರ ತಂಗಿಯ ಫೋನು ಬಂತು. "ನೀನು ಬರಲ್ಲ ಅಂತ ಗೊತ್ತಾಯ್ತು ಬಿಡು. ನಾನೇ ಅಲ್ಲಿಗೆ ಬಂದುಬಿಡ್ತೀನಿ. ಇಲ್ಲಿ ಗೋಡೆ ಮುಟ್ಟಿ ಮುಟ್ಟಿ ಓಡಾಡೋದು ರೂಢಿಯಾಗಿತ್ತು. ನಿನ್ನ ಮನೇಲಿ ಮತ್ತೆ ಹೊಸದಾಗಿ ಕಲೀಬೇಕು, ಅಷ್ಟೇ ತಾನೆ?"

ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಮೊದಲು ಏನು ಬಂತೆಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಪಾಪ ಅನಿಸಲಿಲ್ಲ. ಬೇಡ ಕಣೇ ಎನ್ನಬೇಕೆಂದು ಹೊಳೆಯಲಿಲ್ಲ. ಸಂಬಂಧಿಕಳು, ಇದೇ ಊರಿನ ನಿವಾಸಿಯಾಗುತ್ತಾಳೆ, ದೋಣಿಯನ್ನು ಅವಳ ಹೆಸರಿಗೆ ಬರೆಯಬಹುದು, ನನ್ನ ನಂತರವೂ ಲೆಕ್ಕ ಇಪ್ಪತ್ತೇ ಉಳಿಯುತ್ತದೆ ಎಂದು ಹೊಳೆಯಿತು. ಕಣ್ಣು ಕಾಣದ ತಂಗಿ ಗೋಡೆ ಗುರುತಿರುವ ಮನೆ ಬಿಟ್ಟು ಬರುತ್ತೇನೆ ಎನ್ನುತ್ತಿದ್ದರೆ, ನಾನು ಫೋನು ಕಿವಿಗಿಟ್ಟುಕೊಂಡು ಅವಳನ್ನು ಎಣಿಸುತ್ತಿದ್ದೆ. ಆ ಕ್ಷಣ ನಾನು ಕೂತಿದ್ದು ನಿಮ್ಮ ಕುರ್ಚಿಯಲ್ಲಿ ಮಾನ್ಯರೇ. ಅಲ್ಲಿ ಎಷ್ಟು ಹಿತವಾಗಿರುತ್ತದೆಂದು ಈಗ ನನಗೂ ಗೊತ್ತು.

ಆದ್ದರಿಂದ ಈ ಪತ್ರ. ಬರೆಯುತ್ತೇನೆಂದು ಸಂಘಕ್ಕೆ ಹೇಳಿಯೇ ಬರೆಯುತ್ತಿದ್ದೇನೆ. "ಬರೀರಿ. ಓಡಿ ಓಡಿ ನಮಗೂ ಸಾಕಾಯ್ತು" ಎಂದರು ಗಡಿಯಾರ ರಿಪೇರಿಯವರು. ಈ ವರ್ಷದ ತಪಾಸಣೆಗೆ ಟೋಪಿ ಬದಲಾಗುವುದಿಲ್ಲ, ವ್ಯಾನು ಬರುವುದಿಲ್ಲ. ಐದು ದೋಣಿಗಳು ಬರುತ್ತವೆ. ಐದನ್ನೇ ಎಣಿಸಿ. ಎಣಿಸಿದ ಮೇಲೆ ಒಮ್ಮೆ ಕೆಳಗಿಳಿದು ಬನ್ನಿ, ದಕ್ಕೆಯ ಹಲಗೆಗಳ ಮೇಲೆ ನೋಡಿಕೊಂಡು ಕಾಲಿಡಿ. ದೋಣಿಯಿಲ್ಲದಿದ್ದರೂ ಹಗ್ಗ ಎಳೆಯಲು, ಬಣ್ಣ ಬಳಿಯಲು ಬರುವವರನ್ನು ಸದಸ್ಯರೆಂದು ಒಪ್ಪಿಕೊಳ್ಳಿ; ಕೇಳಿ ಬಂದವರನ್ನು ನಾನೇ ಎಷ್ಟೋ ಸಲ ವಾಪಸು ಕಳಿಸಿದ್ದೇನೆ. ದಕ್ಕೆಯನ್ನು ಅದನ್ನು ಬಳಸುವವರಿಗೆ ಉಳಿಸಿ, ರಿಪೇರಿಯ ಅನುದಾನ ಮತ್ತೆ ಕೊಡಿ. ಹೋಗಬೇಕಾದವರು, ಹಿಂದೆ ಉಳಿದವರ ಕತ್ತು ಕುಯ್ಯದೆ ಹೋಗುವುದಕ್ಕೆ ಒಂದು ದಾರಿ ಬಿಡಿ. ಇದು ವಿನಂತಿಯಲ್ಲ. ವಿನಂತಿಗಳೆಲ್ಲ ನಿಮ್ಮ ಬೀರುವಿನಲ್ಲಿವೆ.

ಬೇಗ ಉತ್ತರಿಸಿ. ತಂಗಿ ಸಾಮಾನು ಕಟ್ಟಲು ಶುರುಮಾಡಿದ್ದಾಳೆ. ಬರಬೇಡ ಎಂದು ನಾನು ಅವಳಿಗೆ ಇನ್ನೂ ಹೇಳಿಲ್ಲ.

ಇಂತಿ,
ಲೆಕ್ಕಕ್ಕುಂಟು ಆಟಕ್ಕಿಲ್ಲದ ಕಾರ್ಯದರ್ಶಿ