ಕೆನ್ನೆಯೊಳಗಿನ ಮಣಿಗಳು

ಮಾರ್ಚ್ ೩, ಊಟದ ಬಿಡುವು

ಹನ್ನೆರಡು ಪರದೆಗಳಲ್ಲಿ ಏಳು ಮುಗಿದವು. ಯಾವುದೋ ಹೋಟೆಲಿನ ಆರ್ಡರ್. ಕೆಳಗಿನ ಮಡಿಕೆಯೊಳಗೆ ತೂಕದ ಮಣಿ ಹಾಕಿ ಹೊಲಿಯಬೇಕು, ಇಲ್ಲದಿದ್ದರೆ ಪರದೆ ಗಾಳಿಗೆ ಹಾರುತ್ತದೆ. ಎರಡು ಕೈಯೂ ಬಟ್ಟೆ ಹಿಡಿದಿರುತ್ತವೆ. ಹಾಗಾಗಿ ಮಣಿಗಳಿಗೆ ಕೆನ್ನೆಯೇ ಜೇಬು. ಆರಾರು ತುಂಬಿಕೊಂಡು ಒಂದೊಂದಾಗಿ ತುಟಿಗೆ ತಂದು ಮಡಿಕೆಗೆ ಇಳಿಸುವುದು. ಇಪ್ಪತ್ತೆರಡು ವರ್ಷದ ಅಭ್ಯಾಸ.

ಅಂಗಡಿಯ ಟೈಲರ್ ಮಾಸ್ಟರ್ ಇವತ್ತೂ ರೇಗಿಸಿದ. “ಅಕ್ಕ ಬಾಯಿ ಮುಚ್ಚಿಕೊಂಡಿರೋದು ಮಣಿ ಇದ್ದಾಗ ಮಾತ್ರ.” ಉಗುಳಿ ಉತ್ತರ ಕೊಡುವಷ್ಟರಲ್ಲಿ ಆಸಾಮಿ ಪರಾರಿ.

ಮಾರ್ಚ್ ೯, ಸಂಜೆ

ಮಿಕ್ಕ ಕೆಲಸ ಮನೆಗೆ ತಂದೆ. ಮಗಳು ಆಫೀಸಿನಿಂದ ಬರುವವರೆಗೆ ಮೊಮ್ಮಗಳು ನನ್ನ ಮಿಷಿನ್ ಕೆಳಗೇ. ಐದು ವರ್ಷ, ಬಾಯಿ ಮಾತ್ರ ಐವತ್ತರದು. ಇವತ್ತು ಸದ್ದೇ ಇಲ್ಲ ಎಂದು ಬಗ್ಗಿ ನೋಡಿದರೆ ಕೆನ್ನೆ ಉಬ್ಬಿದೆ. “ಅಜ್ಜಿ, ನಾನೂ ಟೈಲರ್!”

ನಕ್ಕು ನಕ್ಕು ಸಾಕಾಯಿತು. “ನಾಲಿಗೆ ಕೆಳಗಲ್ಲ ಕಣೇ, ನುಂಗಿಬಿಡ್ತೀಯ. ಕೆನ್ನೆ ಪಕ್ಕಕ್ಕೆ ಒತ್ತು.” ಒಂದೇ ಸಲಕ್ಕೆ ಕಲಿತಳು. ಹೆಮ್ಮೆಯಾಯಿತು.

ಮಾರ್ಚ್ ೨೪

ಮೊಮ್ಮಗಳಿಗೆ ಊಟ ಬೇಡವಂತೆ. ಹೊಟ್ಟೆನೋವಂತೆ. ಬರುತ್ತಿದ್ದ ಅಕ್ಷರಗಳನ್ನೂ ಮರೆಯುತ್ತಾಳೆ, ಜೊತೆಯ ಮಕ್ಕಳಿಗೆ ಹೊಡೆಯುತ್ತಾಳೆ ಎಂದು ಟೀಚರ್ ದೂರು. “ನಿನ್ನ ಮುದ್ದು ಜಾಸ್ತಿ ಆಯ್ತಮ್ಮ” ಅಂದಳು ಮಗಳು. ಇರಬಹುದು.

ನನ್ನ ಬಲ ಮಣಿಕಟ್ಟೂ ಸೋಲುತ್ತಿದೆ. ಕತ್ತರಿ ಎರಡು ಸಲ ಬಿತ್ತು. ವಯಸ್ಸು.

ಏಪ್ರಿಲ್ ೨

ಮಗುವಿನ ರಕ್ತಪರೀಕ್ಷೆಯ ರಿಪೋರ್ಟ್ ಬಂತು. ರಕ್ತದಲ್ಲಿ ಸೀಸ ಇದೆಯಂತೆ. ತುಂಬಾ ಇದೆಯಂತೆ. ಮಕ್ಕಳ ಮಿದುಳಿಗೆ ಒಳ್ಳೆಯದಲ್ಲ, ಎಲ್ಲಿಂದ ಬರುತ್ತಿದೆಯೋ ಮೊದಲು ಅದು ನಿಲ್ಲಬೇಕು, ಅಂದರು ಡಾಕ್ಟರ್. “ಮನೆ ಹಳೇದಾ? ಗೋಡೆ ಬಣ್ಣ ಉದುರುತ್ತಾ? ಹಳೇ ಬಣ್ಣದಲ್ಲಿ ಸೀಸ ಇರುತ್ತೆ.” ಉದುರುತ್ತೆ ಅಂದಳು ಮಗಳು. ನನ್ನ ಕಡೆ ತಿರುಗಿದರು. “ನೀವೇನು ಮಾಡ್ತೀರಮ್ಮ?”

“ಹೊಲಿಗೆ.”

ಬರೆದುಕೊಂಡರು. ಸುಳ್ಳಲ್ಲವಲ್ಲ... ಆದರೂ ಆಗಲೇ ಮಣಿಗಳ ನೆನಪಾಗಿತ್ತು.

ಏಪ್ರಿಲ್ ೩

ಮಾಸ್ಟರನ್ನು ಕೇಳಿದೆ, ಮಣಿ ಯಾವುದರದ್ದು? “ಸೀಸದ್ದು ಅಕ್ಕ. ಮತ್ತೇನು ಬೆಳ್ಳೀದಾ?” ನಕ್ಕ. ಅವನ ಕೆನ್ನೆಯೂ ಉಬ್ಬಿತ್ತು. ಉಗುಳೋ ಅಂದೆ. ಆಸ್ಪತ್ರೆಯ ಮಾತು ಹೇಳಿದೆ. ಅವನ ಮುಖ ಸಪ್ಪಗಾಯಿತು.

ಮನೆಯಲ್ಲಿದ್ದ ಮಣಿ ಡಬ್ಬಿ ಎತ್ತಿ ಬಿಸಾಡಿದೆ. ಒಂದೂ ಬಿಡದೆ. ಮಗಳಿಗೆ ಹೇಳಲಿಲ್ಲ. ಹೇಳಿದರೆ ಮಗುವನ್ನು ನನ್ನ ಹತ್ತಿರ ಬಿಡುತ್ತಾಳೆಯೇ? ಮೂಲವೇ ಹೋಯಿತಲ್ಲ, ಇನ್ನು ಹೇಳಿ ಆಗಬೇಕಾದ್ದೇನು.

ಏಪ್ರಿಲ್ ೮

ಗೋಡೆ ಕೆರೆಯುವವರು ಬಂದಿದ್ದಾರೆ. ನಾವು ಮೂವರೂ ಮಗಳ ಗೆಳತಿಯ ಮನೆಯಲ್ಲಿ. ಮಗಳು ಮನೆ ಮಾಲೀಕನಿಗೆ ಫೋನಿನಲ್ಲಿ ನೀರಿಳಿಸಿದಳು. ಅವನು ಪಾಪ, ತಪ್ಪಾಯ್ತಮ್ಮ ತಪ್ಪಾಯ್ತಮ್ಮ ಅನ್ನುತ್ತಿದ್ದ. ನಾನು ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದೆ. ಮಡಿಸಿದ್ದನ್ನೇ ಮತ್ತೆ ಮಡಿಸಿದೆ.

ನನ್ನಂಥ ಹೇಡಿ ಇಲ್ಲ.

ಏಪ್ರಿಲ್ ೨೭, ಮಧ್ಯಾಹ್ನ

ಹೊಸ ಬಣ್ಣದ ಮನೆ. ಎರಡನೇ ರಿಪೋರ್ಟ್ ಬಂತು. ಇಳಿದಿಲ್ಲ, ಏರಿದೆ. ಡಾಕ್ಟರೇ ತಬ್ಬಿಬ್ಬು. ನಾಳೆ ಹೊಟ್ಟೆಯ ಎಕ್ಸ್‌ರೇ. ಆಟೋದಲ್ಲಿ ಮಗಳು ಬಿಕ್ಕಿಬಿಕ್ಕಿ ಅತ್ತಳು. “ಇನ್ನೇನು ಉಳಿದಿದೆ ಅಮ್ಮ? ಎಲ್ಲಿಂದ ಬರ್ತಿದೆ ಇದು?”

ಏರುವುದು ಹೇಗೆ? ಡಬ್ಬಿ ಬಿಸಾಡಿದ್ದೆನಲ್ಲ...

ಅದೇ ದಿನ, ಐದೂವರೆ

ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಕೇಳಿದೆ. ಬೈಯಲ್ಲ ತಾನೆ, ಅಂದಳು. ಬೈಯಲ್ಲ, ಅಂದೆ. ಸ್ಕೂಲ್ ಬ್ಯಾಗಿನಿಂದ ಪೆನ್ಸಿಲ್ ಡಬ್ಬಿ ತೆಗೆದಳು. ರಬ್ಬರಿನ ಕೆಳಗೆ ನಾಲ್ಕು ಮಣಿ.

“ಎಷ್ಟಿತ್ತು ಪುಟ್ಟಿ?”

“ಒಂಬತ್ತು. ಸ್ಕೂಲಲ್ಲಿ ಪ್ರಾಕ್ಟೀಸ್ ಮಾಡ್ತೀನಿ, ಯಾರಿಗೂ ಗೊತ್ತಾಗಲ್ಲ.”

“ಉಳಿದ ಐದು?”

ಹೊಟ್ಟೆ ತಟ್ಟಿ ತೋರಿಸಿದಳು. ಮುಖ ಸಣ್ಣದಾಯಿತು. “ಕೆನ್ನೆ ಪಕ್ಕಕ್ಕೇ ಒತ್ತಿದ್ದೆ ಅಜ್ಜಿ. ನೀನು ಹೇಳ್ಕೊಟ್ಟ ಹಾಗೇನೇ. ಜಾರಿಹೋಯ್ತು.”

ಅಂದೇ ಬಾಯಿ ಬಿಟ್ಟಿದ್ದರೆ ಅವಳಮ್ಮ ಬ್ಯಾಗು, ಹಾಸಿಗೆ ಎಲ್ಲ ಜಾಲಾಡುತ್ತಿದ್ದಳು. ಸಿಕ್ಕೇ ಸಿಗುತ್ತಿತ್ತು. ಇಪ್ಪತ್ತನಾಲ್ಕು ದಿನ ನಾನು ಸುಮ್ಮನಿದ್ದೆ.

ಆರು ಗಂಟೆ

ನಾಳೆಯವರೆಗೆ ಕಾಯಲಾಗದು. ಈಗಲೇ ಆಸ್ಪತ್ರೆಗೆ ಹೋಗಬೇಕು. ಅದಕ್ಕೂ ಮೊದಲು ಹೇಳಬೇಕು. ನಾಲ್ಕೂ ಮಣಿ ಎಡಗೈಯಲ್ಲಿವೆ. ಬಲಗೈಯಲ್ಲಿ ಪೆನ್ನು ನಿಲ್ಲುತ್ತಿಲ್ಲ. ಹೇಗೆ ಶುರು ಮಾಡಲಿ ಎಂದು ಇಲ್ಲಿ ಬರೆದು ನೋಡುತ್ತಿದ್ದೇನೆ. ಮಗಳೇ, ಗೋಡೆಯಲ್ಲ. ನಾನು.

ಕೂಗಿದೆ. ಅಡುಗೆಮನೆಯಲ್ಲಿ ನಲ್ಲಿ ನಿಂತಿತು.

“ಬಂದೆ ಅಮ್ಮ.”

ಬಂದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಾಳೆ. “ಏನದು ಮುಷ್ಟೀಲಿ?” ಅನ್ನುತ್ತಿದ್ದಾಳೆ. ಪೆನ್ನು ಇಟ್ಟು ಮುಷ್ಟಿ ಬಿಚ್ಚುತ್ತೇನೆ.