ಕಪ್ಪು ಕಂಡದ್ದೆಲ್ಲ ಕಲ್ಲಲ್ಲ

ಕಳವಾ, ಮಂಗಳವಾರ

ತಂಗಿ ಜಯಲತಾ,

ಫೋನಿನಲ್ಲಿ ನೀನು ನನ್ನನ್ನು ಮಾತಾಡಲು ಬಿಡುವುದಿಲ್ಲ, ಅದಕ್ಕೇ ಈ ಕಾರ್ಡು. ನಿನ್ನ ಮಗಳು ಜ್ಯೋತ್ಸ್ನಾ ವಿಮಾನದಿಂದ ತೆಗೆದ ಫೋಟೋ ನೋಡಿ ಠಾಣೆ ಖಾಡಿಯ, ಅಂದರೆ ಇಲ್ಲಿಯ ಉಪ್ಪುನೀರಿನ ಅಳಿವೆಯ, ತಳದ ನಕ್ಷೆ ಮಾಡಿದ್ದಾಳಲ್ಲ, ಅದು ಸರಿಯೋ ಎಂದು ಇಪ್ಪತ್ತು ಕಡೆ ನೀರಿಗಿಳಿದು ನೋಡಬೇಕು. ನಾಲ್ಕು ತಪ್ಪಿದರೆ ವರ್ಷದ ಕೆಲಸ ಮತ್ತೆ ಮೊದಲಿಂದ. ಹತ್ತೊಂಬತ್ತು ನೋಡುವಷ್ಟರಲ್ಲಿ ಮೂರು ತಪ್ಪಿ ಆಗಿತ್ತು.

ಇಳಿತದ ನೀರು ಅಲುಗದೆ ನಿಂತಿತ್ತು. ನಮ್ಮ ದೋಣಿ ಆಕಾಶದ ಮೇಲೆ ಹೋದ ಹಾಗೆ, ದೂರದ ಲೋಕಲ್ ರೈಲು ಸದ್ದಿಲ್ಲದೆ ತೇಲಿದ ಹಾಗೆ. ಕೊನೆಯ ಜಾಗ ಫೋಟೋದಲ್ಲಿ ಕಪ್ಪಗಿತ್ತೆಂದು ನಕ್ಷೆಯಲ್ಲಿ ಕಲ್ಲು ಅಂತ ಹಾಕಿದ್ದಳು. ನಾನು ಇಳಿದೆ. ಎಲ್ಲಿಯ ಕಲ್ಲು? ಇಲ್ಲಿಯ ಹೆಂಗಸರು ಮರುವಾಯಿ ಚಿಪ್ಪಿಗೆಂದು ಕೆಸರು ಬಗೆದ ಹೊಂಡಗಳು, ಸಾಲಾಗಿ. ಕಾಲು ತಾನಾಗಿ ಒಂದರಿಂದ ಒಂದಕ್ಕೆ ಹೋಯಿತು. ನನ್ನ ಮುಂದೆ ನಮ್ಮಮ್ಮ, ಊರ ಹೊಳೆಯಲ್ಲಿ ಮರುವಾಯಿ ಬಗೆಯುತ್ತಿದ್ದ ಹಾಗೆಯೇ, ಬಗ್ಗಿಕೊಂಡು ಹೋಗ್ತಿದ್ದಾಳೆ ಅನ್ನಿಸಿತು.

"ಕಲ್ಲು ಅನ್ನಿ ಮಾವ, ಪ್ಲೀಸ್," ಅಂದಳು ದೋಣಿಯಿಂದ.

"ನಿನ್ನ ತಲೆ ಕಲ್ಲು! ಕೆಸರು ಅಂತ ಬರಿ."

ಬರೆದಳು. ಕಣ್ಣೊರೆಸಿಕೊಂಡು ತಾನೂ ಇಳಿದು, ಆ ಹೊಂಡವನ್ನು ಗೇಣು ಹಾಕಿ ಅಳೆದಳು.

ನನ್ನ ಮೊಣಕಾಲು ಸರಿ ಉಂಟು, ಎಣ್ಣೆ ಕಳಿಸಬೇಡ. ಅಮ್ಮ ಹೊಂಡ ಎಷ್ಟು ಅಗಲ ತೆಗೀತಿದ್ದಳೆಂದು ಜ್ಯೋತ್ಸ್ನಾ ಫೋನ್ ಮಾಡಿ ಕೇಳ್ತಾಳೆ, ಸರಿಯಾಗಿ ಹೇಳು. ಹೊಸ ನಕ್ಷೆಯಲ್ಲಿ ಅಂಥ ಹೊಂಡಗಳಿಗೂ ಒಂದು ಬಣ್ಣವಂತೆ.

ಲೀಲಾಧರ