ಪೇರಳೆ ಕೊಂಬೆಗೆ ಹಗ್ಗ

8 ಸೆಪ್ಟೆಂಬರ್ 2024, ಭಾನುವಾರ. ಕುಂಭಾಶಿ

ಚೌತಿಯ ಮರುದಿನ, ಪೂರ್ಣ ಪ್ರಜ್ಞೆಯಲ್ಲಿ, ಯಾರ ಒತ್ತಡವೂ ಇಲ್ಲದೆ ಒಪ್ಪಿಕೊಳ್ಳುತ್ತೇನೆ: ಅಂಗಳದ ಬಟ್ಟೆ ಹಗ್ಗ ಕದ್ದವನು ನಾನೇ.

ಉದ್ದೇಶ ಉದಾತ್ತ. ಹೂ ಬಿಡದ ಪೇರಳೆ ಮರದ ಪ್ರಾಣರಕ್ಷಣೆ. ಹೆಂಡತಿ ಪ್ರಭಾವತಿಗೆ ಆ ಜಾಗ ಬೇಕು — ತಗಡಿನ ಶೀಟು ಹೊದಿಸಿ ಬಟ್ಟೆ ಒಣಗಿಸಲು. "ದೀಪಾವಳಿ ಒಳ್ಗೆ ಹೂ ಬಿಡ್ದಿರೆ ಕಡ್ಸುದೇ," ಎಂದಿದ್ದಾಳೆ. ಗಂಡನಿಗೂ ಇಷ್ಟು ಗಡುವು ಕೊಟ್ಟವಳಲ್ಲ.

ನೆಟ್ಟಗೆ ಏರುವ ಕೊಂಬೆ ಬರೀ ಎಲೆ ಬಿಡುತ್ತದೆ. ಬಗ್ಗಿಸಿ ಕಟ್ಟಿದರೆ ಮೈತುಂಬ ಚಿಗುರು, ಚಿಗುರಲ್ಲಿ ಮೊಗ್ಗು. ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸಿದವನಿಗೆ ಇದೆಷ್ಟರದು? ಮೂರು ಕೊಂಬೆಗೆ ಹಗ್ಗ, ನೆಲಕ್ಕೆ ಗೂಟ. ಗೂಟದ ಕಾರು ಹಣೆಯಲ್ಲಿ ಬರೆದಿರಲಿಲ್ಲ, ಗೂಟವಾದರೂ ಬಂತು.

ಬಾವಿ ಬದಿಯ ಕೊಂಬೆಗೆ ಹಗ್ಗ ಸಾಲಲಿಲ್ಲ. ಇರಲಿ.

9 ಸೆಪ್ಟೆಂಬರ್, ಬೆಳಿಗ್ಗೆ

"ಹ್ವಾಯ್, ನನ್ ಬಟ್ಟಿ ಹಗ್ಗ ಕಂಡ್ರ್ಯಾ?"

"ಮರಕ್ಕೆ ಟ್ರೀಟ್‌ಮೆಂಟ್ ನಡೀತಾ ಇತ್ತ್."

"ಹಂಗಾರೆ ಬಟ್ಟಿ ಎಲ್ ಹಾಕುದ್? ನಿಮ್ ತಲಿ ಮೇಲಾ?"

"ಬಾವಿ ಬದಿ ಕೊಂಬಿ ಖಾಲಿ ಇತ್ತಲ್ದಾ," ಎಂದೆ, ವ್ಯಂಗ್ಯವಾಗಿ. ಇವಳಿಗೆ ವ್ಯಂಗ್ಯ ಅರ್ಥವಾಗುವುದಿಲ್ಲ. ಅಥವಾ ಚೆನ್ನಾಗಿ ಅರ್ಥವಾಗುತ್ತದೆ.

13 ಸೆಪ್ಟೆಂಬರ್

ಮಳೆ. ಮಣ್ಣು ಪಾಯಸ. ಮೂರೂ ಗೂಟ ಎದ್ದು ಬಂದಿವೆ, ಕೊಂಬೆಗಳು ಮತ್ತೆ ಅಟೆನ್ಷನ್‌ನಲ್ಲಿ. ಬಡಿದು ಕೂರಿಸಿದೆ. ಸಂಜೆಗೆ ಮತ್ತೆ ಎದ್ದವು. ಇಲ್ಲಿಯವರೆಗೆ ಬಗ್ಗಿದ್ದು ನನ್ನ ಸೊಂಟ ಮಾತ್ರ.

ಅತ್ತ ಬಾವಿ ಬದಿಯ ಕೊಂಬೆಯ ಮೇಲೆ ಒದ್ದೆ ಬೆಡ್‌ಶೀಟು, ಅದರಾಚೆ ನನ್ನ ಪಟ್ಟೆ ಚಡ್ಡಿಗಳ ಸಾಲು. ಹೆದ್ದಾರಿಯಿಂದ ಕಾಣುತ್ತದೆ…

20 ಸೆಪ್ಟೆಂಬರ್

ಗೂಟ ಎದ್ದವು. ಬಡಿದೆ. ಎದ್ದವು.

"ಆ ಭಾರಕ್ಕೆ ಕೊಂಬಿ ಮುರೀತ್, ಬಟ್ಟಿ ತೆಗಿ."

"ಬಿಸ್ಲ್ ತರ್ಸಿ ಕೊಡಿ, ತೆಗಿತೆ."

14 ಅಕ್ಟೋಬರ್

ಹೂ. ಬೆಳ್ಳಗೆ, ಗೊಂಚಲು ಗೊಂಚಲು.

ಕೃಷಿಕರ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿದೆ: 'ಅಗೋ, ಫಿಸಿಕ್ಸ್ ಹೂ ಬಿಟ್ಟಿತು.' ಹಗ್ಗ, ಗೂಟ, ಕೋನ — ಎಲ್ಲ ವಿವರಿಸಿ ಉದ್ದದ ವಾಯ್ಸ್ ಮೆಸೇಜ್. ಎಪ್ಪತ್ತು ಹೆಬ್ಬೆರಳು ಬಂದವು. ಮರ ಉಳಿಯಿತು.

ಯಾವ ಕೊಂಬೆ ಎಂಬ ವಿವರ ಸದ್ಯಕ್ಕೆ ಬೇಡ.

26 ಅಕ್ಟೋಬರ್, ಸಂಜೆ

ಗುಲ್ವಾಡಿಯ ಭೋಜರಾಜನ ಫೋನ್. ಗ್ರೂಪಿನ ಅಡ್ಮಿನ್.

"ಸರ್, ನಾಳೆ ಬತ್ತೊ. ಜೀಪ್ ಭರ್ತಿ ಜನ. ಹಗ್ಗ ಕಟ್ಟುದ್ ಹ್ಯಾಂಗೆ ಅಂತೇಳಿ ನೀವೇ ತೋರ್ಸ್ಕ್. ಫೋಟೋದ್ ಮೂಲಿಯಗೆ ಪಟ್ಟಿ ಪಟ್ಟಿ ಎಂತ ಸರ್? ಹಕ್ಕಿ ಹೆದ್ರ್ಸುಕಾ?"

"ಹೌದು," ಎಂದೆ.

ಪ್ರಭಾವತಿಯ ಬಳಿ ಹೋಗಿ, ನಾಳೆ ಒಂದು ದಿನ ಬಟ್ಟೆ ಒಗೆಯಬೇಡ ಎಂದು ಬೇಡಿದೆ.

"ಒಗುದಿಲ್ಲೆ. ಆರೆ ಅವ್ರ್ ಕೇಂಡ್ರೆ ಸುಳ್ಳ್ ಹೇಳುದಿಲ್ಲೆ, ಮಾರಾಯ್ರೆ."

ಟಾರ್ಚ್ ಹಿಡಿದು ಇನ್ನೊಮ್ಮೆ ನೋಡಿ ಬಂದೆ. ಗೂಟದ ಮೂರು ಕೊಂಬೆಗಳಲ್ಲಿ ಎಲೆಯಲ್ಲದೆ ಏನೂ ಇಲ್ಲ. ಹೂ ಇರುವುದೆಲ್ಲ ಬಾವಿ ಬದಿಯಲ್ಲಿ. ನಾನು ಹಗ್ಗವನ್ನೇ ಕಟ್ಟದ ಕೊಂಬೆ. ತಿಂಗಳಿಡೀ ಅದನ್ನು ಬಗ್ಗಿಸಿ ಹಿಡಿದದ್ದು ಅವಳ ಒದ್ದೆ ಬೆಡ್‌ಶೀಟು, ಮತ್ತೆ ನನ್ನ ಆ ಪಟ್ಟೆ—